ಟಸ್ಕನಿಯ ಹೊಲಗಳ ನಡುವೆ ಎಂಟು ದಿನ: ಹತ್ತುವುದು ಕಾಲಲ್ಲಿ, ಇಳಿಯುವುದು ಗಾಡಿಯಲ್ಲಿ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ನನಗೆ 62, ನನ್ನ ಹೆಂಡತಿಗೆ 58. ಏಪ್ರಿಲ್ ಕೊನೆಯಿಂದ ಐದು ವಾರ ಮ್ಯೂನಿಚ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ನಡುವೆ ಎಂಟು ದಿನ ಇಟಲಿಯ ಹಳ್ಳಿಗಾಡು ನೋಡುವ ಆಸೆ. ಟೂರಿನವರು ಏಳು ದಿನಕ್ಕೆ ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್ ಎನ್ನುತ್ತಾರೆ. ಆ ಓಟ ನಮಗೆ ಬೇಡ. ದಿನಾ ಒಂದಿಷ್ಟು ನಡೆಯಬೇಕು, ಕೂರಬೇಕು, ನೋಡಬೇಕು, ಅಷ್ಟೆ. ಕಾರು ಓಡಿಸುವುದಿಲ್ಲ. ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು. ಹೆಂಡತಿಗೆ ಮೊಣಕಾಲು ನೋವು. ಇದು ಆಗುವ ಮಾತೇ?

ಉತ್ತರ: ಆಗುವ ಮಾತೇ. ಒಂದೇ ಷರತ್ತು: ಇಟಲಿ ನೋಡುತ್ತೇವೆ ಎಂದು ಹೊರಡಬೇಡಿ, ಒಂದು ಕಣಿವೆ ನೋಡುತ್ತೇವೆ ಎಂದು ಹೊರಡಿ. ಹನ್ನೊಂದು ವರ್ಷದಿಂದ ಜನರನ್ನು ನಡೆಸಿಕೊಂಡು ಈ ಸೀಮೆಯಲ್ಲಿ ಓಡಾಡುವುದೇ ನನ್ನ ಕೆಲಸ. ಇಷ್ಟು ದಿನದಲ್ಲಿ ಊರು ಕಡಿಮೆ ಮಾಡಿಕೊಂಡು ಬಂದು ಪಶ್ಚಾತ್ತಾಪಪಟ್ಟವರನ್ನು ನಾನು ಕಂಡಿಲ್ಲ. ಹೆಚ್ಚು ಮಾಡಿಕೊಂಡು ಬಂದವರು ಎರಡನೇ ದಿನವೇ ಸೂಟ್‌ಕೇಸಿನ ಚಕ್ರ ಮುರಿದುಕೊಂಡು ಕೂತದ್ದನ್ನು ಕಂಡಿದ್ದೇನೆ.

ನಿಮಗೆ ನಾನು ಹೇಳುವ ಜಾಗ ದಕ್ಷಿಣ ಟಸ್ಕನಿಯ ವಾಲ್ ದೋರ್ಚಾ, ಅಂದರೆ ಓರ್ಚಾ ಹೊಳೆಯ ಕಣಿವೆ. ಸಿಯೆನಾ ಪಟ್ಟಣದ ದಕ್ಷಿಣಕ್ಕಿದೆ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕ್ಯಾಲೆಂಡರುಗಳಲ್ಲಿ ನೀವು ನೋಡುವ ಆ ಹಸಿರು ಅಲೆಯಂಥ ಗುಡ್ಡ, ತುದಿಯಲ್ಲೊಂದು ಕಲ್ಲಿನ ಮನೆ, ಮನೆಗೆ ಹೋಗುವ ದಾರಿಯ ಎರಡೂ ಬದಿ ಮೊನಚು ಸೈಪ್ರೆಸ್ ಮರ, ಆ ಚಿತ್ರಗಳಲ್ಲಿ ಬಹುಪಾಲು ಇಲ್ಲಿಯವೇ. ಸಿಯೆನಾದಿಂದ ಮೊಂತೆಪುಲ್ಚಾನೊವರೆಗೆ ಬಸ್ಸಿದೆ, ಊರುಗಳ ನಡುವೆ ಹತ್ತು ಹದಿನೈದು ಕಿಲೋಮೀಟರಿಗಿಂತ ಹೆಚ್ಚಿನ ಅಂತರವಿಲ್ಲ, ಹೊಲಗಳ ನಡುವೆ ಬಿಳಿ ಜಲ್ಲಿಯ ಬಂಡಿದಾರಿಗಳಿವೆ. ಕಾರಿಲ್ಲದ, ಆತುರವಿಲ್ಲದ ಇಬ್ಬರಿಗೆ ಇದಕ್ಕಿಂತ ಹದವಾದ ಜಾಗ ನನಗೆ ಗೊತ್ತಿಲ್ಲ.

ಮೊದಲು ಕಾಗದಪತ್ರದ ಮಾತು ಮುಗಿಸಿಬಿಡೋಣ. ಷೆಂಗೆನ್ ವೀಸಾವನ್ನು ನೀವು ಹೆಚ್ಚು ದಿನ ಉಳಿಯುವ ದೇಶದಿಂದ ಪಡೆಯಬೇಕು. ನಿಮ್ಮ ಲೆಕ್ಕದಲ್ಲಿ ಅದು ಜರ್ಮನಿ. ಇಟಲಿಗೆ ಬೇರೆ ವೀಸಾ ಬೇಡ. ಆದರೆ ಅರ್ಜಿಯ ಜೊತೆ ಕೊಡುವ ಪ್ರವಾಸದ ವಿವರದಲ್ಲಿ ಇಟಲಿಯ ಎಂಟು ದಿನವನ್ನೂ ಬರೆಯಿರಿ, ಮುಚ್ಚಿಡಬೇಡಿ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು ಇರಬೇಕು. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ಬೇಸಿಗೆ ರಜೆಯ ಗದ್ದಲಕ್ಕೆ ಕಾಯದೆ ಹಾಕಿಬಿಡಿ.

ಇನ್ನೊಂದು ಸಲಹೆ. ಇಟಲಿಯನ್ನು ‘ನಡುವೆ’ ಇಟ್ಟುಕೊಳ್ಳಬೇಡಿ, ಕೊನೆಗೆ ಇಟ್ಟುಕೊಳ್ಳಿ. ಬರುವುದು ಮ್ಯೂನಿಚ್‌ಗೆ, ಊರಿಗೆ ಮರಳುವುದು ರೋಮಿನಿಂದ, ಹೀಗೆ ಟಿಕೆಟ್ ಮಾಡಿಸಿದರೆ ಆಲ್ಪ್ಸ್ ಪರ್ವತವನ್ನು ಎರಡು ಸಲ ದಾಟುವ ಕೆಲಸ ತಪ್ಪುತ್ತದೆ. ಮೇ 20ರಿಂದ 30ರ ಆಸುಪಾಸು ನನ್ನ ಮೆಚ್ಚಿನ ಹೊತ್ತು. ಗೋಧಿ ಇನ್ನೂ ಹಸಿರು, ಅಂಚಿನಲ್ಲಿ ಕೆಂಪು ಗಸಗಸೆ ಹೂವು, ರಾತ್ರಿ ಎಂಟೂವರೆವರೆಗೂ ಬೆಳಕು. ಜೂನ್ 2 ಇಲ್ಲಿ ರಾಷ್ಟ್ರೀಯ ರಜೆ, ಆ ವಾರಾಂತ್ಯಕ್ಕೆ ಇಟಲಿಯವರೇ ಗುಂಪುಗುಂಪಾಗಿ ಬರುತ್ತಾರೆ. ಜುಲೈ ಹೊತ್ತಿಗೆ ಕೊಯ್ಲು ಮುಗಿದು ಗುಡ್ಡವೆಲ್ಲ ಬೋಳು. ಆಗಸ್ಟಿನಲ್ಲಿ ಉತ್ತ ಹೆಂಟೆಗಳ ಬಯಲು. ಅದೂ ಚಂದವೇ, ಆದರೆ 35 ಡಿಗ್ರಿ ಬಿಸಿಲಿನಲ್ಲಿ ನೆರಳಿಲ್ಲದ ದಾರಿ ನಡೆಯಲು ನೀವು ಹುಬ್ಬಳ್ಳಿಯಿಂದ ಅಷ್ಟು ದೂರ ಬರಬೇಕಿಲ್ಲ.

ರಾತ್ರಿಗಳನ್ನು ನಾನು ಹೀಗೆ ಹಂಚುತ್ತೇನೆ: ಬೊಲೊನ್ಯಾದಲ್ಲಿ ಒಂದು, ಸಿಯೆನಾದಲ್ಲಿ ಒಂದು, ಪಿಯೆಂಜಾದಲ್ಲಿ ನಾಲ್ಕು, ಮೊಂತೆಪುಲ್ಚಾನೊದಲ್ಲಿ ಎರಡು. ಮ್ಯೂನಿಚ್‌ನಿಂದ ಬ್ರೆನ್ನರ್ ಕಣಿವೆ ದಾಟಿ ಬೊಲೊನ್ಯಾಗೆ ನೇರ ಹಗಲು ರೈಲಿದೆ, ಹೆಚ್ಚೂಕಡಿಮೆ ಏಳು ಗಂಟೆಯ ದಾರಿ. ಅದೇ ದಿನ ಸಿಯೆನಾ ತಲುಪಬೇಕೆಂದು ಹಟ ಮಾಡಬೇಡಿ. ಬೊಲೊನ್ಯಾದ ಬೀದಿಗಳಿಗೆ ಉದ್ದಕ್ಕೂ ಕಮಾನಿನ ಜಗಲಿಗಳಿವೆ, ಮಳೆ ಬಂದರೂ ನೆನೆಯದೆ ಅಡ್ಡಾಡಿ ಮಲಗಿ. ಮರುದಿನ ಫ್ಲಾರೆನ್ಸಿಗೆ ವೇಗದ ರೈಲು, ಅಲ್ಲಿಂದ ಸಿಯೆನಾಗೆ ಒಂದೂವರೆ ಗಂಟೆಯ ಸಣ್ಣ ರೈಲು. ಫ್ಲಾರೆನ್ಸಿನಲ್ಲಿ ಇಳಿಯುವುದಿಲ್ಲವೇ ಎಂದು ಕೇಳುತ್ತೀರಿ. ಇಳಿಯುವುದಿಲ್ಲ. ಪ್ಲಾಟ್‌ಫಾರ್ಮ್ ಬದಲಿಸಿ ಅಷ್ಟೆ.

ಸಿಯೆನಾ ನಿಲ್ದಾಣ ಕೆಳಗಿದೆ, ಊರು ಮೇಲಿದೆ. ನಿಲ್ದಾಣದ ಎದುರಿನ ಅಂಗಡಿ ಸಂಕೀರ್ಣದೊಳಗಿಂದ ಎಸ್ಕಲೇಟರುಗಳ ಉದ್ದ ಸಾಲು ಗುಡ್ಡ ಹತ್ತಿಸುತ್ತದೆ. ಮೊಣಕಾಲಿನವರು ಇದನ್ನು ತಪ್ಪಿಸಿಕೊಳ್ಳಬಾರದು. ಊರಿನಲ್ಲಿ ನೂರು ಸಂಗತಿಗಳಿವೆ. ನಿಮಗೆ ನಾನು ಒಂದನ್ನೇ ಕಡ್ಡಾಯ ಮಾಡುತ್ತೇನೆ: ಚೌಕದಲ್ಲಿರುವ ಪುರಭವನದೊಳಗೆ ಅಂಬ್ರೋಜೊ ಲೊರೆಂಜೆತ್ತಿ 1338–39ರಲ್ಲಿ ಬರೆದ ಗೋಡೆಚಿತ್ರ. ಒಳ್ಳೆಯ ಆಡಳಿತವಿದ್ದರೆ ಊರು ಹೇಗಿರುತ್ತದೆ, ಹೊಲ ಹೇಗಿರುತ್ತದೆ ಎಂಬುದು ವಿಷಯ. ಆ ಕಾಲದ ಚಿತ್ರಗಳಲ್ಲಿ ಹೆಚ್ಚಾಗಿ ದೇವರು, ಸಂತರು ಇರುತ್ತಿದ್ದರು. ಇಲ್ಲಿ ಒಂದಿಡೀ ಗೋಡೆಯ ಅರ್ಧಕ್ಕೆ ಉಳುವವರು, ಕೊಯ್ಯುವವರು, ಹೇರು ಹೊತ್ತ ಪ್ರಾಣಿಗಳನ್ನು ಅಟ್ಟಿಕೊಂಡು ಪೇಟೆಗೆ ಬರುವ ರೈತರು. ಮರುದಿನ ಬಸ್ಸಿನ ಕಿಟಕಿಯಲ್ಲಿ ಕಾಣುವುದು ಅದೇ ಗುಡ್ಡಗಳು. ಹಾಗಾಗಿಯೇ ಮೊದಲು ಚಿತ್ರ, ಆಮೇಲೆ ಹೊಲ.

ಬಸ್ಸು ಬ್ವೊನ್‌ಕೊನ್ವೆಂತೊ, ಸಾನ್ ಕ್ವೀರಿಕೊ ದಾಟಿ ಒಂದೂವರೆ ಗಂಟೆಯಲ್ಲಿ ಪಿಯೆಂಜಾ ಮುಟ್ಟಿಸುತ್ತದೆ. ಟಿಕೆಟನ್ನು ‘ತಬಾಕಿ’ ಎಂಬ ಬೀಡಿ-ಸಿಗರೇಟಿನ ಅಂಗಡಿಗಳಲ್ಲಿ ಮೊದಲೇ ಕೊಳ್ಳಿ, ಹೊರಗೆ ದೊಡ್ಡದಾಗಿ ‘ಟಿ’ ಅಕ್ಷರದ ಬೋರ್ಡಿರುತ್ತದೆ. ಎರಡು ವಿಷಯ ನೆನಪಿರಲಿ. ಭಾನುವಾರ ಈ ದಾರಿಯಲ್ಲಿ ಬಸ್ಸು ಇಲ್ಲವೆಂದೇ ತಿಳಿದು ಯೋಜನೆ ಹಾಕಿ. ‘ಶೋಪೆರೊ’ ಎಂಬ ಪದ ಕಿವಿಗೆ ಬಿದ್ದರೆ ಅದು ಮುಷ್ಕರ. ದಿನಾಂಕ ಮೊದಲೇ ಪ್ರಕಟವಾಗಿರುತ್ತದೆ, ಉಳಿದುಕೊಂಡ ಮನೆಯವರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಎಲ್ಲಿ ಉಳಿಯುವುದು? ಇಲ್ಲಿ ಎಲ್ಲರೂ ಒಂದೇ ಗುಂಡಿಗೆ ಬೀಳುತ್ತಾರೆ. ಫೋನಿನಲ್ಲಿ ಹುಡುಕಿದರೆ ಗುಡ್ಡದ ನೆತ್ತಿಯ ತೋಟದ ಮನೆಗಳು ಕಾಣುತ್ತವೆ, ‘ಅಗ್ರಿತುರಿಸ್ಮೊ’ ಎನ್ನುತ್ತಾರೆ. ಬೇಸಾಯದ ಜೊತೆಗೆ ಅತಿಥಿಗಳನ್ನು ಇಟ್ಟುಕೊಳ್ಳಲು ರೈತರಿಗೆ 1985ರ ಕಾನೂನು ದಾರಿ ಮಾಡಿಕೊಟ್ಟಿತು. ಚೆಂದದ ವ್ಯವಸ್ಥೆಯೇ, ಆದರೆ ಕಾರಿದ್ದವರಿಗೆ. ಒಮ್ಮೆ ನಾನೇ ಒಂದು ವಯಸ್ಸಾದ ಜೋಡಿಗೆ ಅಂಥದ್ದನ್ನು ಗೊತ್ತುಮಾಡಿಕೊಟ್ಟೆ. ಊರಿನಿಂದ ಮೂರೂವರೆ ಕಿಲೋಮೀಟರ್. ಹಗಲು ಸ್ವರ್ಗ. ರಾತ್ರಿ ಊಟ ಮುಗಿಸಿ ದೀಪವಿಲ್ಲದ ಜಲ್ಲಿದಾರಿಯಲ್ಲಿ ಫೋನಿನ ಬೆಳಕು ಹಿಡಿದು ಅವರಿಬ್ಬರೂ ನಡೆದುಹೋದರು, ಬೇಲಿಯಾಚೆ ಕಾಡುಹಂದಿ ಗುರುಗುಟ್ಟುತ್ತಿತ್ತಂತೆ. ಮರುದಿನದಿಂದ ಅವರ ರಾತ್ರಿಯೂಟ ಬ್ರೆಡ್ಡು ಮತ್ತು ಬಾಳೆಹಣ್ಣು. ಅಂದಿನಿಂದ ಕಾರಿಲ್ಲದವರಿಗೆ ನನ್ನ ನಿಯಮ: ಕೋಟೆಗೋಡೆಯ ಒಳಗೆ, ಇಲ್ಲವೇ ಗೋಡೆಯಿಂದ ಹತ್ತು ನಿಮಿಷದೊಳಗೆ. ಅಡುಗೆಮನೆ ಇರುವ ಸಣ್ಣ ಅಪಾರ್ಟ್‌ಮೆಂಟ್ ಸಿಕ್ಕರೆ ಬಿಡಬೇಡಿ.

ಬೀದಿಯಲ್ಲಿ ಕೈ ಅಡ್ಡ ಹಾಕಿದರೆ ನಿಲ್ಲುವ ಟ್ಯಾಕ್ಸಿ ಈ ಊರುಗಳಲ್ಲಿಲ್ಲ. ಹಿಂದಿನ ದಿನವೇ ಮನೆಯವರ ಮೂಲಕ ಹೇಳಿಸಿ. ಮಗ ಕಾರು ತರುತ್ತೇನೆ ಎಂದರೆ ಬರಲಿ, ಆದರೆ ಹಳೆಯ ಊರುಗಳ ಬಾಗಿಲಲ್ಲಿ ‘ಜೆಡ್‌ಟಿಎಲ್’ ಎಂಬ ಫಲಕ ಕಂಡರೆ ಒಳಗೆ ನುಗ್ಗಬಾರದು ಎಂದು ಹೇಳಿ. ಅಲ್ಲಿ ಕ್ಯಾಮೆರಾ ಇರುತ್ತದೆ, ದಂಡದ ಕಾಗದ ತಿಂಗಳುಗಳ ಮೇಲೆ ಮ್ಯೂನಿಚ್‌ಗೇ ಬರುತ್ತದೆ.

ಪಿಯೆಂಜಾ ಎಂದರೆ ಒಬ್ಬ ಮನುಷ್ಯನ ತವರುಪ್ರೀತಿ. ಮೊದಲು ಇದರ ಹೆಸರು ಕೊರ್ಸಿನ್ಯಾನೊ, ಸಾಧಾರಣ ಹಳ್ಳಿ. ಇಲ್ಲಿ ಹುಟ್ಟಿದ ಎನೆಯಾ ಸಿಲ್ವಿಯೊ ಪಿಕ್ಕೊಲೊಮಿನಿ 1458ರಲ್ಲಿ ಎರಡನೇ ಪಿಯೂಸ್ ಎಂಬ ಹೆಸರಿನಲ್ಲಿ ಪೋಪ್ ಆದ. ಮರುವರ್ಷವೇ ಶಿಲ್ಪಿ ಬೆರ್ನಾರ್ದೊ ರೊಸ್ಸೆಲ್ಲಿನೊನನ್ನು ಕರೆಸಿ ಹಳ್ಳಿಯ ನಡುಭಾಗವನ್ನೇ ಹೊಸದಾಗಿ ಕಟ್ಟಿಸಿದ: ಇಗರ್ಜಿ, ಅರಮನೆ, ಚೌಕ, ಎಲ್ಲವೂ ಮೂರು ನಾಲ್ಕು ವರ್ಷದಲ್ಲಿ. ಖರ್ಚು ಅಂದಾಜು ಮೀರಿ ಐವತ್ತು ಸಾವಿರ ಚಿನ್ನದ ನಾಣ್ಯ ದಾಟಿತು. ಜನ ಚಾಡಿ ಹೇಳಿದರು. ಪೋಪ್ ರೊಸ್ಸೆಲ್ಲಿನೊನನ್ನು ಕರೆಸಿ, ನೀನು ಲೆಕ್ಕ ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು, ನಿಜ ಹೇಳಿದ್ದರೆ ನಾನು ಒಪ್ಪುತ್ತಲೇ ಇರಲಿಲ್ಲ ಎಂದು ಬೆನ್ನು ತಟ್ಟಿದನಂತೆ. ಇದನ್ನು ತನ್ನ ಆತ್ಮವೃತ್ತಾಂತದಲ್ಲಿ ಅವನೇ ಬರೆದಿಟ್ಟಿದ್ದಾನೆ. ಮನೆ ಕಟ್ಟಿಸಿ ಮೇಸ್ತ್ರಿಯ ಎಸ್ಟಿಮೇಟ್ ನಂಬಿದವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. 1464ರಲ್ಲಿ ಪೋಪ್ ತೀರಿಕೊಂಡ, ಊರು ಬಹುಪಾಲು ಅಲ್ಲಿಗೇ ನಿಂತಿತು.

ಇಗರ್ಜಿಯ ಒಳಗೆ ಹೋಗಿ ಗರ್ಭಗುಡಿಯ ಕಡೆ ನಡೆಯಿರಿ. ನೆಲ ಆ ಕಡೆಗೆ ವಾಲಿರುವುದು ಪಾದಕ್ಕೆ ತಿಳಿಯುತ್ತದೆ, ಗೋಡೆಗಳಲ್ಲಿ ಬಿರುಕು ಕಣ್ಣಿಗೇ ಕಾಣುತ್ತದೆ. ಕಾರಣ ಕೆಳಗಿನ ಮಣ್ಣು. ಲಕ್ಷಾಂತರ ವರ್ಷಗಳ ಹಿಂದೆ ಈ ಕಣಿವೆ ಸಮುದ್ರದ ತಳ. ಆಗ ಕೂತ ಬೂದು ಜೇಡಿಯೇ ಇಂದಿನ ಹೊಲ. ಕೆಲವು ಕಡೆ ಉತ್ತ ಮಣ್ಣಿನಲ್ಲಿ ಚಿಪ್ಪುಗಳೂ ಸಿಗುತ್ತವೆ. ನಿಮ್ಮ ಕಡೆಯ ಎರೆ ಹೊಲದಲ್ಲಿ ಮಳೆಗಾಲದಲ್ಲಿ ನಡೆದ ಅನುಭವ ಇದ್ದರೆ ಈ ಮಣ್ಣಿನ ಗುಣ ನಿಮಗೆ ಆಗಲೇ ಗೊತ್ತು, ಬಣ್ಣ ಮಾತ್ರ ಬೇರೆ. ಒಣಗಿದಾಗ ಅಂಗೈ ಅಗಲ ಬಿರಿಯುತ್ತದೆ. ಒಂದು ಮಳೆ ಬಿದ್ದರೆ ಬೂಟಿಗೆ ಮೆತ್ತಿಕೊಂಡು, ಹತ್ತು ಹೆಜ್ಜೆಗೆ ಒಂದೊಂದು ಕಾಲು ಎರಡೆರಡು ಕಿಲೋ ತೂಗುತ್ತದೆ. ಮೇ ತಿಂಗಳ ಮಧ್ಯಾಹ್ನ ಗುಡುಗುಮಳೆ ಬರುವುದುಂಟು. ಮಳೆ ಬಂದ ಮರುದಿನ ಹೊಲದಂಚಿನ ಕಾಲುದಾರಿ ಬಿಡಿ, ಬಿಳಿ ಜಲ್ಲಿದಾರಿ ಹಿಡಿಯಿರಿ. ಬೂಟಿನ ಜೇಡಿಯನ್ನು ನೀರಿನಲ್ಲಿ ತೊಳೆಯಲು ಹೋಗಬೇಡಿ, ಇನ್ನೂ ಹರಡುತ್ತದೆ. ಒಣಗಲು ಬಿಟ್ಟು ಕಡ್ಡಿಯಿಂದ ಕೆರೆದರೆ ಚಕ್ಕೆಚಕ್ಕೆಯಾಗಿ ಉದುರುತ್ತದೆ.

ಈಗ ಮೊಣಕಾಲಿಗೆ ಬರೋಣ. ಎಲ್ಲರೂ ಹತ್ತುವುದಕ್ಕೆ ಹೆದರುತ್ತಾರೆ. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ನೋಯುವುದು ಮಂಡಿ. ಹಾಗಾಗಿ ನಿಮ್ಮ ಮನೆಯವರಿಗಾಗಿ ಬಹುಪಾಲು ದಾರಿಗಳನ್ನು ನಾನು ಏರುಮುಖವಾಗಿ ಜೋಡಿಸಿದ್ದೇನೆ. ಬಾನ್ಯೊ ವಿನ್ಯೋನಿ ಸುಮಾರು 300 ಮೀಟರ್ ಎತ್ತರದಲ್ಲಿದೆ, ಸಾನ್ ಕ್ವೀರಿಕೊ 400, ಪಿಯೆಂಜಾ 490, ಮೊಂತೆಪುಲ್ಚಾನೊ 600. ಕೆಳಗಿನಿಂದ ಮೇಲಕ್ಕೆ ನಿಧಾನಕ್ಕೆ ನಡೆಯಿರಿ, ಕೆಳಗೆ ಹೋಗುವಾಗ ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಿರಿ. ಎರಡು ವಾಕಿಂಗ್ ಕೋಲು ಇರಲಿ, ಒಂದಲ್ಲ ಎರಡು. ನಿಮ್ಮ ಮೂಳೆ ಡಾಕ್ಟರಿಗೂ ಈ ಲೆಕ್ಕ ಒಮ್ಮೆ ಒಪ್ಪಿಸಿ.

ಮೊದಲ ದಿನ ದೂರ ಬೇಡ. ಪಿಯೆಂಜಾ ಇಗರ್ಜಿಯ ಹಿಂದೆ ಗೋಡೆಯುದ್ದಕ್ಕೂ ಒಂದು ಕಾಲುದಾರಿ ಇದೆ. ಕೆಳಗೆ ಇಡೀ ಕಣಿವೆ, ಎದುರಿಗೆ 1738 ಮೀಟರಿನ ಅಮಿಯಾತಾ ಬೆಟ್ಟ, ತಣ್ಣಗಾಗಿ ಯುಗಗಳಾದ ಜ್ವಾಲಾಮುಖಿ. ಅಲ್ಲಿನ ಕಲ್ಲಿನ ಬೆಂಚಿನಲ್ಲಿ ಒಂದು ಗಂಟೆ ಕೂತರೆ ಯಾರೂ ಏಳಿ ಎನ್ನುವುದಿಲ್ಲ. ಮೋಡದ ನೆರಳು ಗೋಧಿಯ ಮೇಲೆ ಒಂದು ಗುಡ್ಡದಿಂದ ಇನ್ನೊಂದಕ್ಕೆ ಜಾರುವುದನ್ನು ನೋಡುತ್ತಿದ್ದರೆ ಗಂಟೆ ಹೋದದ್ದೂ ತಿಳಿಯುವುದಿಲ್ಲ. ಊರಿನಿಂದ ಹದಿನೈದು ನಿಮಿಷದ ಇಳಿಜಾರಿನಲ್ಲಿ ಕೊರ್ಸಿನ್ಯಾನೊದ ಹಳೇ ಇಗರ್ಜಿ ಇದೆ. ಪಿಯೂಸನಿಗೆ ಜ್ಞಾನಸ್ನಾನ ಮಾಡಿಸಿದ ಕಲ್ಲಿನ ತೊಟ್ಟಿ ಅದರೊಳಗಿದೆ. ಬಾಗಿಲ ಕೆತ್ತನೆಯಲ್ಲಿ ಎರಡು ಬಾಲದ ಮತ್ಸ್ಯಕನ್ಯೆ ತನ್ನ ಎರಡೂ ಬಾಲ ಹಿಡಿದುಕೊಂಡು ಕೂತಿದ್ದಾಳೆ. ಭಾನುವಾರಕ್ಕೆ ಈ ನಡಿಗೆ ಇಟ್ಟುಕೊಂಡರೂ ಸರಿ, ಬಸ್ಸು ಬೇಡವಲ್ಲ.

ಎರಡನೇ ದಿನ ಟ್ಯಾಕ್ಸಿಯಲ್ಲಿ ಬಾನ್ಯೊ ವಿನ್ಯೋನಿಗೆ ಹೋಗಿ, ಬೆಳಿಗ್ಗೆ ಒಂಬತ್ತರೊಳಗೆ. ಊರಿನ ನಡುವೆ ಚೌಕ ಇರಬೇಕಾದಲ್ಲಿ ಪುಷ್ಕರಣಿ! ಕಲ್ಲಿನ ಕಟ್ಟೆ, ಸುತ್ತ ಮನೆಗಳು, ಒಳಗೆ ಐವತ್ತು ಡಿಗ್ರಿಯ ಆಸುಪಾಸು ಬಿಸಿಯಲ್ಲಿ ನೆಲದಿಂದ ಉಕ್ಕುವ ನೀರು. ತಂಪು ಬೆಳಗಿನಲ್ಲಿ ಅದರ ಮೇಲೆ ಹಬೆ ನಿಂತಿರುತ್ತದೆ. ಯಾತ್ರಿಕರೂ ಸಂತರೂ ಇಲ್ಲಿ ಮಿಂದವರೇ, ಸಿಯೆನಾದ ಸಂತ ಕ್ಯಾಥರೀನಳನ್ನು ಅವಳ ತಾಯಿ ಕರೆತಂದದ್ದು ಪ್ರಸಿದ್ಧ ಕಥೆ. ಈಗ ತೊಟ್ಟಿಗೆ ಇಳಿಯುವಂತಿಲ್ಲ, ಮೀಯಬೇಕೆಂದರೆ ಹಣ ಕೊಟ್ಟು ಒಳಗೆ ಬಿಡುವ ಬಿಸಿನೀರಿನ ಸ್ಪಾಗಳಿವೆ. ತೊಟ್ಟಿಯಿಂದ ಹೊರಟ ನೀರು ಕಾಲುವೆಗಳಲ್ಲಿ ಹರಿದು ಬಂಡೆಯಂಚಿಗೆ ಹೋಗುತ್ತದೆ. ಅಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಹಳೆಯ ಹಿಟ್ಟಿನ ಗಿರಣಿಗಳಿವೆ. ಹೊಳೆ ಬತ್ತುವ ಬೇಸಿಗೆಯಲ್ಲೂ ಬಿಸಿ ಊಟೆ ಬತ್ತುತ್ತಿರಲಿಲ್ಲ, ಹಾಗಾಗಿ ಉಳಿದೆಡೆ ಗಿರಣಿ ನಿಂತಾಗಲೂ ಇಲ್ಲಿನದು ತಿರುಗುತ್ತಿತ್ತು.

ಅಲ್ಲಿಂದ ಸಾನ್ ಕ್ವೀರಿಕೊಗೆ ಐದು ಕಿಲೋಮೀಟರ್, ನಿಮ್ಮ ನಡಿಗೆಗೆ ಎರಡು ಗಂಟೆ. ನೀವು ತುಳಿಯುವುದು ಫ್ರಾಂಚಿಜೆನಾ ಎಂಬ ಯಾತ್ರಾಮಾರ್ಗವನ್ನು. ಇಂಗ್ಲೆಂಡಿನ ಕ್ಯಾಂಟರ್‌ಬರಿಯಿಂದ ರೋಮಿಗೆ ಬರುತ್ತಿದ್ದ ದಾರಿ. 990ರಲ್ಲಿ ಸಿಗೆರಿಕ್ ಎಂಬ ಆರ್ಚ್‌ಬಿಷಪ್ ರೋಮಿನಿಂದ ಮರಳುವಾಗ ತಂಗಿದ ಊರುಗಳ ಪಟ್ಟಿ ಬರೆಸಿಟ್ಟ, ಇಂದಿನ ಗುರುತುಹಲಗೆಗಳಿಗೆ ಆ ಪಟ್ಟಿಯೇ ಆಧಾರ. ಕಂಬ, ಕಲ್ಲು, ಮರಗಳ ಮೇಲೆ ಕೆಂಪು-ಬಿಳಿ ಪಟ್ಟೆ ನೋಡಿಕೊಂಡು ಹೋಗಿ. ರೋಮಿನ ಕಡೆ ಹೋಗುವ ಯಾತ್ರಿಕರು ನಿಮಗೆ ಎದುರಾಗುತ್ತಾರೆ. ನೀವು ಉಲ್ಟಾ ಹೋಗುತ್ತಿದ್ದೀರಿ ಎಂದು ಕೈ ತೋರಿಸಿದರೆ ಮಂಡಿ ಮುಟ್ಟಿ ತೋರಿಸಿ, ಅರ್ಥವಾಗುತ್ತದೆ. ಮೊದಲರ್ಧ ಏರು, ಹಳೆಯ ವಿನ್ಯೋನಿ ಎಂಬ ಗೋಪುರದ ಹಳ್ಳಿಯ ತನಕ. ಆಮೇಲೆ ಆಲಿವ್ ತೋಪುಗಳ ನಡುವೆ ಸಣ್ಣ ಇಳಿಜಾರು. ಸಾನ್ ಕ್ವೀರಿಕೊದಲ್ಲಿ ಊಟ ಮಾಡಿ, ಹದಿನಾರನೇ ಶತಮಾನದ ಕತ್ತರಿಸಿದ ಪೊದೆಗಳ ತೋಟದಲ್ಲಿ ಕೂತು, ಬಸ್ಸಿನಲ್ಲಿ ಪಿಯೆಂಜಾಗೆ ಬನ್ನಿ.

ಮೂರನೇ ದಿನ ದೊಡ್ಡ ನಡಿಗೆ. ಬೆಳಿಗ್ಗೆ ಬಸ್ಸಿನಲ್ಲಿ ಸಾನ್ ಕ್ವೀರಿಕೊಗೆ ಹೋಗಿ ನಡೆದು ‘ಮನೆಗೆ’ ಬನ್ನಿ. ಇದು ನನ್ನ ಇನ್ನೊಂದು ನಿಯಮ: ಬಸ್ಸು ಮೊದಲು, ನಡಿಗೆ ಆಮೇಲೆ. ಕೊನೆಯ ಬಸ್ಸು ತಪ್ಪೀತೆಂಬ ಚಿಂತೆ ತಲೆಯಲ್ಲಿದ್ದರೆ ಕೂತು ನೋಡುವುದಾಗುವುದಿಲ್ಲ. ಹತ್ತು ಹನ್ನೆರಡು ಕಿಲೋಮೀಟರ್ ಆಗುತ್ತದೆ, ನೆರಳು ಕಡಿಮೆ, ನೀರು ತಲಾ ಎರಡು ಲೀಟರ್. ದಾರಿಯಲ್ಲಿ ವಿತಾಲೆತಾ ಎಂಬ ಪುಟ್ಟ ಪ್ರಾರ್ಥನಾಮಂದಿರ, ಎರಡೂ ಮಗ್ಗುಲಲ್ಲಿ ಸೈಪ್ರೆಸ್. ಜಗತ್ತೆಲ್ಲ ಅದರ ಫೋಟೋ ತೆಗೆದಿದೆ, ನೀವೂ ತೆಗೆಯಿರಿ. ಗೋಧಿಯೊಳಗೆ ಮಾತ್ರ ಕಾಲಿಡಬೇಡಿ, ಅದು ಯಾರದೋ ಬೆಳೆ.

ಈ ದಾರಿಯಲ್ಲಿ ನಿಮಗೆ ಒಂದು ಪ್ರಶ್ನೆ ಏಳಬೇಕು. ಹಳ್ಳಿಯೆಂದರೆ ಮನೆಗಳು ಒತ್ತೊತ್ತಾಗಿರುತ್ತವೆ, ಇಲ್ಲಿ ಏಕೆ ಗುಡ್ಡಕ್ಕೊಂದೊಂದು ಒಂಟಿ ಮನೆ? ಉತ್ತರ ‘ಮೆದ್ಜದ್ರಿಯಾ’ ಎಂಬ ಪದ್ಧತಿಯಲ್ಲಿದೆ. ನಮ್ಮ ಕೋರಪಾಲು. ಜಮೀನುದಾರ ಒಂದು ತುಂಡು ಹೊಲ, ಅದರ ನಡುವೆ ಒಂದು ಮನೆ ಕೊಡುತ್ತಿದ್ದ. ರೈತನ ಇಡೀ ಕುಟುಂಬ ಅಲ್ಲೇ ಇದ್ದು ದುಡಿದು ಬೆಳೆಯಲ್ಲಿ ಅರ್ಧ ಒಡೆಯನಿಗೆ ಅಳೆಯಬೇಕು. ಶತಮಾನಗಳು ಹೀಗೇ ನಡೆಯಿತು. ಎರಡನೇ ಮಹಾಯುದ್ಧದ ನಂತರ ಜನ ಕಾರ್ಖಾನೆಯ ಊರುಗಳಿಗೆ ಎದ್ದುಹೋದರು. 1964ರ ಕಾನೂನು ಹೊಸ ಕೋರಪಾಲು ಕರಾರುಗಳನ್ನೇ ನಿಷೇಧಿಸಿತು. ಖಾಲಿ ಬಿದ್ದ ಹೊಲಮನೆಗಳಿಗೆ ಸಾರ್ದೀನಿಯಾ ದ್ವೀಪದಿಂದ ಕುರಿಗಾಹಿಗಳು ಮಂದೆ ಸಮೇತ ಬಂದರು. ಪಿಯೆಂಜಾದ ಕುರಿಹಾಲಿನ ಚೀಸು ಇಂದು ಹೆಸರುವಾಸಿಯಾಗಿರುವುದರಲ್ಲಿ ಅವರ ಪಾಲು ದೊಡ್ಡದು. ಉಳಿದ ಮನೆಗಳು ಆಮೇಲೆ ಅತಿಥಿಗೃಹಗಳಾದವು. ಫೋಟೋದಲ್ಲಿ ಶಾಂತವಾಗಿ ಕಾಣುವ ಒಂಟಿ ಮನೆಯಲ್ಲಿ ಒಮ್ಮೆ ಹದಿನೈದು ಇಪ್ಪತ್ತು ಜನರ ಅವಿಭಕ್ತ ಕುಟುಂಬ, ಕೆಳಗೆ ಎತ್ತು, ಮೇಲೆ ಮನುಷ್ಯರು.

ಕುರಿ ಎಂದ ಮೇಲೆ ನಾಯಿಯ ಮಾತು. ಮಂದೆಯ ನಡುವೆ ದೊಡ್ಡ ಬಿಳಿ ನಾಯಿ ಮಲಗಿದ್ದರೆ ಅದು ಮರೆಮ್ಮಾ ತಳಿ, ತೋಳದಿಂದ ಮಂದೆ ಕಾಯುವ ನಾಯಿ. ಮುದ್ದಿಸಲು ಹೋಗಬೇಡಿ, ಓಡಲೂ ಬೇಡಿ. ಮಂದೆಯನ್ನು ದೂರದಿಂದ ಬಳಸಿಕೊಂಡು ನಡೆದುಬಿಡಿ. ಉದ್ದ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣೆಹುಳ ಹತ್ತುತ್ತದೆ, ಕಾಲುಚೀಲದೊಳಗೆ ಪ್ಯಾಂಟು ತುರುಕಿ, ಸಂಜೆ ಸ್ನಾನದ ಹೊತ್ತಿಗೆ ಮೈ ನೋಡಿಕೊಳ್ಳಿ.

ನಾಲ್ಕನೇ ದಿನ ಸುಮ್ಮನಿರಿ. ಬಟ್ಟೆ ಒಗೆದುಕೊಳ್ಳಿ.

ಐದನೇ ದಿನ ಸಾಮಾನು ಟ್ಯಾಕ್ಸಿಗೆ ಒಪ್ಪಿಸಿ ಮೊಂತಿಕ್ಯೆಲ್ಲೊ ಎಂಬ ಗೋಡೆಯೂರಿಗೆ ನಡೆಯಿರಿ, ಎರಡೂವರೆ ಮೂರು ಗಂಟೆ. ಊರವರೇ ಬರೆದು ಊರವರೇ ಆಡುವ ನಾಟಕ ಅಲ್ಲಿ 1967ರಿಂದ ಪ್ರತಿ ಬೇಸಿಗೆ ನಡೆದು ಬಂದಿದೆ. ಕಂಪನಿ ನಾಟಕಗಳ ಸೀಮೆಯವರಾದ ನಿಮಗೆ ಹೇಳಬೇಕೆನಿಸಿತು, ಆದರೆ ಅದು ಜುಲೈ-ಆಗಸ್ಟಿನಲ್ಲಿ. ಊಟದ ನಂತರ ಅದೇ ಟ್ಯಾಕ್ಸಿ ನಿಮ್ಮನ್ನೂ ಸಾಮಾನನ್ನೂ ಮೊಂತೆಪುಲ್ಚಾನೊ ಮುಟ್ಟಿಸಲಿ. ಮೊಂತೆಪುಲ್ಚಾನೊ ಮುಖ್ಯಬೀದಿ ಕೆಳಬಾಗಿಲಿನಿಂದ ಮೇಲಿನ ಚೌಕದವರೆಗೆ ಬಿಡದೆ ಏರುತ್ತದೆ. ಹತ್ತಿ, ಇಳಿಯಲು ಪುಟ್ಟ ಬಸ್ಸಿದೆ. ಊರ ಕೆಳಗೆ ಹುಲ್ಲುಗಾವಲಿನಲ್ಲಿ ಒಂಟಿಯಾಗಿ ನಿಂತ ಸಾನ್ ಬಿಯಾಜೊ ಇಗರ್ಜಿಯನ್ನು ಸಂಜೆ ಬಿಸಿಲಿಗೆ ನೋಡಿ. 1518ರಲ್ಲಿ ಹಿರಿಯ ಆಂತೋನಿಯೊ ದಾ ಸಾಂಗಾಲ್ಲೊ ಶುರುಮಾಡಿದ್ದು, ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ. ವೈನ್ ಕುಡಿಯದಿದ್ದರೂ ಊರ ಹೊಟ್ಟೆಯೊಳಗಿನ ನೆಲಮಾಳಿಗೆಗಳಿಗೆ ಇಣುಕಿ ಬನ್ನಿ.

ಊಟಕ್ಕೆ ನೀವು ಹೆದರುವಷ್ಟು ಕಷ್ಟವಿಲ್ಲ, ನಿಮ್ಮ ಮಗ ಹೇಳುವಷ್ಟು ಸುಲಭವೂ ಅಲ್ಲ. ಈ ಸೀಮೆಯ ಅನ್ನ ಎಂದರೆ ‘ಪೀಚಿ’: ಗೋಧಿಹಿಟ್ಟು, ನೀರು, ತುಸು ಎಣ್ಣೆ, ಸಂಪ್ರದಾಯದಲ್ಲಿ ಮೊಟ್ಟೆ ಇಲ್ಲ. ಆದರೂ ಕೆಲವರು ಹಾಕುತ್ತಾರೆ, ಕೇಳಿಕೊಳ್ಳಿ. ಪಿಯೆಂಜಾದ ಒಂದು ಅಡುಗೆಮನೆಯಲ್ಲಿ ಅಜ್ಜಿಯೊಬ್ಬರು ಇದನ್ನು ಹೊಸೆಯುವುದನ್ನು ನೋಡುತ್ತಾ ನಿಂತಿದ್ದೆ. ಹಿಟ್ಟಿನ ಪಟ್ಟಿಯನ್ನು ಹಲಗೆಯ ಮೇಲಿಟ್ಟು ಎರಡೂ ಅಂಗೈಯಲ್ಲಿ ನಡುವಿನಿಂದ ಹೊರಕ್ಕೆ ಉರುಳಿಸುತ್ತಾ ಹೋದರು, ಬತ್ತಿ ಹೊಸೆದ ಹಾಗೆ. ಒಂದೊಂದೂ ಪೆನ್ಸಿಲಿಗಿಂತ ಸಣ್ಣ, ನಮ್ಮ ಶಾವಿಗೆಗಿಂತ ಎಷ್ಟೋ ದಪ್ಪ, ಮೊಳಕ್ಕೂ ಉದ್ದ, ಒಂದರಂತೆ ಒಂದಿಲ್ಲ. ಬೆಳ್ಳುಳ್ಳಿ-ಟೊಮೆಟೊ ಗೊಜ್ಜಿನದಕ್ಕೆ ‘ಅಲ್ಲಾಲ್ಯೋನೆ’ ಎನ್ನಿ, ಹುರಿದ ಬ್ರೆಡ್ಡಿನ ಪುಡಿಯದಕ್ಕೆ ‘ಅಲ್ಲೆ ಬ್ರಿಚೊಲೆ’. ‘ಫಾರ್ರೊ’ ಸೂಪು ಕಂಡರೆ ಖಂಡಿತ ತರಿಸಿ. ಫಾರ್ರೊ ಎಂದರೆ ನಿಮ್ಮ ಜವೆಗೋಧಿಯೇ, ಉತ್ತರ ಕರ್ನಾಟಕದಲ್ಲಿ ಹುಗ್ಗಿ ಮಾಡುವ ಧಾನ್ಯ ಇಲ್ಲಿ ಕಾಳಿನ ಜೊತೆ ಸೂಪಾಗಿದೆ.

‘ವೆಜೆತಾರಿಯಾನೊ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಹಂದಿಯ ಪ್ರೊಶುತ್ತೊ ಚೂರನ್ನು ಮಾಂಸವೆಂದು ಲೆಕ್ಕಕ್ಕೇ ತಗೊಳ್ಳದ ಅಡುಗೆಯವರು ಇದ್ದಾರೆ. ಆದ್ದರಿಂದ ‘ಸೆಂಜಾ ಕಾರ್ನೆ, ಸೆಂಜಾ ಪೆಶೆ, ಸೆಂಜಾ ವೋವಾ, ಸೆಂಜಾ ಬ್ರೋದೊ’ ಎಂದು ಕಾಗದದಲ್ಲಿ ಬರೆಸಿಟ್ಟುಕೊಳ್ಳಿ: ಮಾಂಸ, ಮೀನು, ಮೊಟ್ಟೆ, ಎಲುಬಿನ ರಸ, ಇವು ನಾಲ್ಕೂ ಬೇಡ ಎಂದು. ಚೀಸಿನ ವಿಷಯ ನೀವೇ ತೀರ್ಮಾನಿಸಬೇಕು. ಪಾರ್ಮಿಜಾನೊ ಚೀಸನ್ನು ಯಾವಾಗಲೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿಯೇ ಮಾಡುತ್ತಾರೆ, ಕುರಿಹಾಲಿನ ಪೆಕೊರಿನೊದಲ್ಲಿಯೂ ಬಹುಪಾಲು ಪ್ರಾಣಿಜನ್ಯ ಹೆಪ್ಪೇ. ‘ಕಾಲ್ಯೊ ವೆಜೆತಾಲೆ’ ಎಂದು ಬರೆದದ್ದು ಸಿಕ್ಕರೆ ಅದು ಗಿಡದ ಹೆಪ್ಪಿನದು. ಟಸ್ಕನಿಯ ಬ್ರೆಡ್ಡಿಗೆ ಉಪ್ಪಿಲ್ಲ, ನಿಮ್ಮ ಶೇಂಗಾ ಚಟ್ನಿಪುಡಿಗೆ ಅದು ಹೇಳಿ ಮಾಡಿಸಿದ ಜೋಡಿ. ಮೊಸರು ಕೊಳ್ಳುವಾಗ ‘ಬಿಯಾಂಕೊ’ (ಬಿಳಿ) ಎಂದಷ್ಟೇ ನೋಡಿ ತರಬೇಡಿ, ಸಕ್ಕರೆ ಹಾಕಿದ್ದೂ ಇರುತ್ತದೆ. ‘ನಾತುರಾಲೆ’ ಎಂದಿರಲಿ.

ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿಯದು ಏಳೂವರೆಯ ಮೇಲೆ. ನಡುವೆ ಅಡುಗೆಮನೆ ಮುಚ್ಚಿರುತ್ತದೆ, ಅಂಗಡಿಗಳೂ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವುದು ರೂಢಿ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಎರಡು ಮೂರು ಯೂರೋ ಇದ್ದರೆ ಅದು ಮೋಸವಲ್ಲ, ಬ್ರೆಡ್ಡು-ಮೇಜಿನ ಖರ್ಚು. ಇನ್ನು ‘ಬಾರ್’ ಎಂಬ ಬೋರ್ಡು ನೋಡಿ ನಿಮ್ಮ ಮನೆಯವರು ಹಿಂದೆ ಸರಿಯುವುದು ಬೇಡ. ಇಲ್ಲಿ ಬಾರ್ ಎಂದರೆ ಕಾಫಿ ಅಂಗಡಿ. ನಿಂತು ಕುಡಿದರೆ ಅಗ್ಗ, ಶೌಚಾಲಯವೂ ಸಿಗುತ್ತದೆ.

ಖರ್ಚು ಕೇಳಿಲ್ಲವಾದರೂ ಹೇಳುತ್ತೇನೆ. ಇಬ್ಬರಿಗೆ ಒಳ್ಳೆಯ ಕೋಣೆಗೆ ರಾತ್ರಿಗೆ 100ರಿಂದ 140 ಯೂರೋ, ಒಂದು ಹೊತ್ತು ಹೊರಗೆ ಉಂಡು ಒಂದು ಹೊತ್ತು ನೀವೇ ಬೇಯಿಸಿಕೊಂಡರೆ ಊಟಕ್ಕೆ 50–60, ಬಸ್ಸು-ಟ್ಯಾಕ್ಸಿ ಸೇರಿ ದಿನಕ್ಕೆ 200ರ ಆಸುಪಾಸು ಎಂಬುದು ನನ್ನ ಅಂದಾಜು. ರೊಸ್ಸೆಲ್ಲಿನೊನ ಅಂದಾಜಿನಷ್ಟು ತಪ್ಪುವುದಿಲ್ಲ. ಕೋಣೆಯ ಜೊತೆಗೆ ತಲೆಗಿಷ್ಟು ಎಂದು ಊರಿನ ತೆರಿಗೆ ಬೇರೆ ಕೊಡಬೇಕಾಗುತ್ತದೆ.

ಮರಳುವಾಗ ಮೊಂತೆಪುಲ್ಚಾನೊದಿಂದ ಕ್ಯೂಸಿ ರೈಲು ನಿಲ್ದಾಣಕ್ಕೆ ಬಸ್ಸು, ಅಲ್ಲಿಂದ ರೋಮಿಗೆ ಎರಡು ಗಂಟೆಯೊಳಗೆ. ಕಾಗದದ ರೈಲು ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸುವುದನ್ನು ಮರೆಯಬೇಡಿ. ಕೋಣೆ ಕಾದಿರಿಸುವಾಗ ಎಷ್ಟನೇ ಮಹಡಿ ಎಂದು ಕೇಳಿ. ಐನೂರು ವರ್ಷದ ಮನೆಗಳಲ್ಲಿ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಡಿದು.

ಬೂಟು ಮಾತ್ರ ಮ್ಯೂನಿಚ್‌ನಲ್ಲಿ ಕೊಂಡರಾಯಿತು ಎಂದು ಬಿಡಬೇಡಿ. ಈಗಲೇ ಹುಬ್ಬಳ್ಳಿಯಲ್ಲಿ ಕೊಂಡು, ಹಾಕಿಕೊಂಡು ದಿನಾ ಸಂಜೆ ಉಣಕಲ್ ಕೆರೆ ಸುತ್ತಿ. ವಾರಕ್ಕೆರಡು ಸಲ ಕೋಲು ಹಿಡಿದು ಇಬ್ಬರೂ ನೃಪತುಂಗ ಬೆಟ್ಟ ಹತ್ತಿ. ಇಳಿಯುವಾಗ ಆಟೋ ಹಿಡಿಯಿರಿ.